ಬಾಡಿಗೆ ಮುಂಗಡ ವಾಪಸಾತಿ: ಸಿವಿಲ್ ದಾವೆಯೋ, ಲೋಕ ಅದಾಲತ್ತೋ?

ಮನೆ ಖಾಲಿ ಮಾಡಿದ ಮೇಲೂ ಮಾಲೀಕರು ಮುಂಗಡ ಹಣವನ್ನು ಹಿಂತಿರುಗಿಸದಿದ್ದರೆ ಬಾಡಿಗೆದಾರರ ಮುಂದೆ ಮುಖ್ಯವಾಗಿ ಎರಡು ದಾರಿಗಳಿರುತ್ತವೆ: ಸಿವಿಲ್ ದಾವೆ, ಇಲ್ಲವೇ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಲೋಕ ಅದಾಲತ್ತು.

ಸಿವಿಲ್ ದಾವೆ ಹೂಡಿದರೆ, 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯ ಪ್ರಕಾರ ಕೇಳುವ ಮೊತ್ತಕ್ಕೆ ತಕ್ಕಂತೆ ಶುಲ್ಕ ಕಟ್ಟಬೇಕು. ಅದರ ಮೇಲೆ ವಕೀಲರ ಫೀಸು, ನೋಟಿಸಿನ ಖರ್ಚು, ಪ್ರತಿ ವಾಯಿದೆಗೂ ಕಳೆದುಕೊಳ್ಳುವ ದಿನದ ಸಂಬಳ. ಈ ಕೊನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಬಹಳ ಸಲ ಅದೇ ದೊಡ್ಡದಾಗಿರುತ್ತದೆ. ಆದರೂ ಎದುರಾಳಿ ಒಪ್ಪಲಿ, ಬಿಡಲಿ, ತೀರ್ಪು ಸಿಗುವುದು ಈ ದಾರಿಯಲ್ಲಿ ಮಾತ್ರ.

ಲೋಕ ಅದಾಲತ್ತಿಗೆ ದಾವೆ ಹೂಡುವ ಮೊದಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಅರ್ಜಿ ಕೊಡಬಹುದು, ಅದಕ್ಕೆ ನ್ಯಾಯಾಲಯ ಶುಲ್ಕವಿಲ್ಲ. ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ, ಅಂದರೆ ತೀರ್ಪಿನ ಆದೇಶದಷ್ಟೇ, ಬಲವಿದ್ದು, ಅದರ ಮೇಲೆ ಮೇಲ್ಮನವಿ ಇರುವುದಿಲ್ಲವಾದ್ದರಿಂದ, ಸಹಿ ಹಾಕುವ ಮುನ್ನ ಮೊತ್ತವನ್ನೂ ಪಾವತಿಯ ದಿನಾಂಕವನ್ನೂ ಎರಡೆರಡು ಸಲ ಓದಿಕೊಳ್ಳುವುದು ಒಳ್ಳೆಯದು. ಆದರೆ ಮಾಲೀಕರು ಬರದಿದ್ದರೆ ಅಥವಾ ಒಪ್ಪದಿದ್ದರೆ ಅಲ್ಲಿ ಏನೂ ಇತ್ಯರ್ಥವಾಗುವುದಿಲ್ಲ.

ಹಣ ಕೊಟ್ಟ ರಸೀದಿ, ಕರಾರು ಪತ್ರ ಕೈಯಲ್ಲಿದ್ದು, ಜಗಳ ಬಣ್ಣ ಬಳಿಸಿದ ಖರ್ಚಿನಂಥ ಕಡಿತದ ಬಗ್ಗೆ ಮಾತ್ರ ಇದ್ದರೆ ನಾನು ಮೊದಲು ಅದಾಲತ್ತನ್ನೇ ಆರಿಸುತ್ತೇನೆ. ಮುಂಗಡ ಕೊಟ್ಟೇ ಇಲ್ಲ ಎನ್ನುವವರೊಡನೆ ರಾಜಿಗೆ ಕೂರುವುದು ಕಾಲಹರಣ. ಅಂಥವರ ವಿರುದ್ಧ ದಾವೆಯೇ ದಾರಿ; ಹಣ ವಸೂಲಿಯ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿ ಇದೆ.

ದಾವೆಯೇ ಅನಿವಾರ್ಯವಾದರೂ, ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರು ತಮ್ಮ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಅದೇ ಜಿಲ್ಲಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳಬಹುದು; ಸಹಾಯವಾಣಿ 15100.