ಆರ್‌ವಿಯ ಏಸಿಯನ್ನು ನಂಬಿ ನಾಯಿಯನ್ನು ಒಳಗೆ ಬಿಟ್ಟು ಹೋಗಬೇಡಿ

ಅಮೆರಿಕದಲ್ಲಿ ಬೇಸಿಗೆ ರಜೆಗೆ ಆರ್‌ವಿ (ಮಲಗುವ, ಅಡುಗೆ ಮಾಡುವ ಅನುಕೂಲವಿರುವ ಮನೆಯಂಥ ವಾಹನ) ಬಾಡಿಗೆಗೆ ಪಡೆದು, ಸಾಕುನಾಯಿಯೊಂದಿಗೆ ನಡುನಾಡಿನ ಬಯಲು ಪ್ರದೇಶವನ್ನು ದಾಟಲು ಹೊರಟಿರುವ ಕನ್ನಡಿಗರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಇಂಥ ವಾಹನ ನಿಲ್ಲಿಸಿ ತಂಗುವ ಕ್ಯಾಂಪ್‌ಗ್ರೌಂಡ್‌ನ ಕರೆಂಟಿಗೆ ಜೋಡಿಸಿ ಏಸಿ ಹಾಕಿಟ್ಟರೆ ನಾಯಿ ಒಳಗೆ ಆರಾಮವಾಗಿರುತ್ತದೆ ಎಂಬ ಭರವಸೆಯನ್ನು ಬಾಡಿಗೆಗೆ ಕೊಡುವವರು ಬಹಳ ಸಲೀಸಾಗಿ ಕೊಡುತ್ತಾರೆ. ನಮಗೆ ಕೊಟ್ಟ ಕೈಪಿಡಿಯಲ್ಲೂ ಅದೇ ಮಾತಿತ್ತು. ಕಳೆದ ಜುಲೈನಲ್ಲಿ ನಮ್ಮ ಲ್ಯಾಬ್ರಡಾರ್ ಗುಂಡ ಸಾವಿನ ದವಡೆಯಿಂದ ಪಾರಾಗಿ ಬಂದದ್ದು ನಮ್ಮ ಪುಣ್ಯ.

ನಾನೂ ನನ್ನ ಪತಿಯೂ ಡೆನ್ವರ್‌ನಿಂದ ಹೊರಟು, ನೆಬ್ರಾಸ್ಕಾದ ಮೂಲಕ ದಕ್ಷಿಣ ಡಕೋಟಾದ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆವು. ಅಲ್ಲಿ ನಾಯಿಗಳನ್ನು ರಸ್ತೆ, ವಾಹನ ನಿಲುಗಡೆ ಸ್ಥಳ, ಕ್ಯಾಂಪ್‌ಗ್ರೌಂಡ್‌ಗಳಂಥ ಕಡೆಗಳಿಗೆ ಮಾತ್ರ ಕರೆದೊಯ್ಯಬಹುದು. ಕಾಲುದಾರಿಗಳಲ್ಲಿ ಅವುಗಳಿಗೆ ಪ್ರವೇಶವಿಲ್ಲ. ಅಲ್ಲಿ ಬಿಲ ತೋಡಿ ಬದುಕುವ, ಪ್ರೇರಿ ಡಾಗ್ ಎಂಬ ಅಳಿಲು ಜಾತಿಯ ಪ್ರಾಣಿಗಳ ಮೈಮೇಲಿನ ಚಿಗಟಗಳು ಪ್ಲೇಗ್ ಹರಡಬಲ್ಲವಾದ್ದರಿಂದ ಆ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಆದರೆ ನಾಯಿಯೊಂದಿಗೆ ಬಂದವರು ಅದನ್ನು ಆರ್‌ವಿಯಲ್ಲೇ ಬಿಡುವ ಸಂದರ್ಭ ಬರುವುದು ಇದರಿಂದಲೇ. ಉದ್ಯಾನದ ಹೊರಗಿನ ಕ್ಯಾಂಪ್‌ಗ್ರೌಂಡ್‌ನಲ್ಲಿ ಆರ್‌ವಿ ನಿಲ್ಲಿಸಿ, ಏಸಿ ಹಾಕಿ, ನೀರಿಟ್ಟು, ಹಿಂದೆ ಕಟ್ಟಿ ತಂದಿದ್ದ ನಮ್ಮ ಕಾರಿನಲ್ಲಿ ಉದ್ಯಾನದೊಳಗಿನ ಡೋರ್ ಟ್ರೇಲ್ ಎಂಬ ಕಾಲುದಾರಿ ನೋಡಲು ಹೋದೆವು. ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿತ್ತು.

ಹಿಂತಿರುಗಿ ಬಾಗಿಲು ತೆರೆದಾಗ ಬಿಸಿಗಾಳಿ ಮುಖಕ್ಕೆ ಬಡಿಯಿತು. ಗುಂಡ ಸ್ನಾನದ ಕೋಣೆಯ ನೆಲಕ್ಕೆ ಹೊಟ್ಟೆ ಒತ್ತಿಕೊಂಡು ಮಲಗಿದ್ದ. ಒಸಡು ಇಟ್ಟಿಗೆಯಂತೆ ಕೆಂಪಾಗಿತ್ತು, ಬಾಯಿಂದ ಅಂಟಂಟಾದ ಜೊಲ್ಲು ಇಳಿಯುತ್ತಿತ್ತು, ಎಬ್ಬಿಸಿದರೆ ಹಿಂಗಾಲು ನಿಲ್ಲುತ್ತಿರಲಿಲ್ಲ. ಏಸಿಯನ್ನು ನಿಯಂತ್ರಿಸುವ, ಗೋಡೆಯ ಮೇಲಿನ ಥರ್ಮೋಸ್ಟ್ಯಾಟ್ ಮಾತ್ರ ಏನೂ ಆಗಿಲ್ಲವೆಂಬಂತೆ ಬೆಳಗುತ್ತಿತ್ತು. ಅದಕ್ಕೆ ವಾಹನದ 12 ವೋಲ್ಟ್ ಬ್ಯಾಟರಿಯಿಂದ ಕರೆಂಟ್ ಬರುತ್ತದೆ. ಚಾವಣಿಯ ಏಸಿಗೆ ಬೇಕಾದದ್ದು ಹೊರಗಿನಿಂದ ಬರುವ 120 ವೋಲ್ಟ್. ಆದ್ದರಿಂದ ಆ ಬೆಳಕನ್ನು ನೋಡಿ ಏಸಿ ನಡೆಯುತ್ತಿದೆ ಎಂದು ಯಾರೂ ತಿಳಿಯಬಾರದು.

ಆದದ್ದು ಇಷ್ಟು. ನಮಗೆ ಸಿಕ್ಕಿದ್ದು 30 ಆಂಪಿಯರ್ ಸಂಪರ್ಕ, ಅಂದರೆ ಹೆಚ್ಚೆಂದರೆ 3,600 ವ್ಯಾಟ್. ಮಧ್ಯಾಹ್ನ ಅಕ್ಕಪಕ್ಕದ ಆರ್‌ವಿಗಳೆಲ್ಲ ಒಟ್ಟಿಗೆ ಏಸಿ ಹಾಕಿದಾಗ ಹಳೆಯ ವೈರಿಂಗ್ ಇರುವ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ವೋಲ್ಟೇಜ್ ಕುಸಿಯುತ್ತದೆ. ನಮ್ಮ ವಾಹನದಲ್ಲಿದ್ದ ರಕ್ಷಣಾ ಸಾಧನವು 104 ವೋಲ್ಟ್‌ಗಿಂತ ಕೆಳಗಿಳಿದೊಡನೆ, ಕಂಪ್ರೆಸರ್ ಹಾಳಾಗದಿರಲೆಂದು ಕರೆಂಟನ್ನೇ ಕಡಿಯುವಂಥದ್ದು. ಅದು ಯಂತ್ರವನ್ನು ಕಾಪಾಡಿತು. ಒಳಗೊಂದು ಜೀವವಿದೆಯೆಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಜನರೇಟರ್ ಇತ್ತು, ಆದರೆ ತಾನಾಗಿಯೇ ಚಾಲೂ ಆಗುವ ವ್ಯವಸ್ಥೆ ಅದಕ್ಕಿರಲಿಲ್ಲ. ಎಲ್ಲಕ್ಕಿಂತ ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ಒಳಗಿನ ಸೆಕೆ ಹೆಚ್ಚಾದರೆ ಫೋನಿಗೆ ಸಂದೇಶ ಬರುತ್ತದೆ ಎಂದು ಹೇಳಿ ಕಂಪನಿಯವರು ಒಂದು ಕ್ಯಾಮೆರಾ ಅಳವಡಿಸಿದ್ದರು. ಆ ಕ್ಯಾಮೆರಾವೂ ಅದರ ವೈಫೈ ಪೆಟ್ಟಿಗೆಯೂ ಗೋಡೆಯ ಪ್ಲಗ್ಗಿನಿಂದಲೇ ನಡೆಯುತ್ತಿದ್ದವು. ಏಸಿ ನಿಂತಾಗ ಎಚ್ಚರಿಸಬೇಕಾದ ಸಾಧನ ಏಸಿಯ ಜೊತೆಗೇ ಸತ್ತುಹೋಯಿತು.

ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಶಾಖ ಒಳಗೇ ಉಳಿಯುತ್ತದೆ ಎಂದು ಪಶುವೈದ್ಯರು ಫೋನಿನಲ್ಲಿ ಹೇಳಿದ್ದರಿಂದ, ಮೈಮೇಲೆ ತಣ್ಣೀರು ಸುರಿಯುತ್ತ, ಕಾರಿನ ಏಸಿಯ ಗಾಳಿಗೆ ಮೈಯೊಡ್ಡಿಸಿ, ಸುಮಾರು 75 ಮೈಲು ದೂರದ ರ‍್ಯಾಪಿಡ್ ಸಿಟಿಗೆ ಅವನನ್ನು ಕರೆದೊಯ್ದೆವು. ಅಲ್ಲಿ ಮುಟ್ಟಿದಾಗಲೂ ಅವನ ಮೈಶಾಖ ಇಳಿದಿರಲಿಲ್ಲ. ನಾಯಿಗಳ ಸಹಜ ಮೈಶಾಖ 101ರಿಂದ 102.5 ಡಿಗ್ರಿ, ಅವನದು 105 ಇತ್ತು. ಶಾಖಾಘಾತದ ನಂತರ ಮೂತ್ರಪಿಂಡಕ್ಕೂ ರಕ್ತ ಹೆಪ್ಪುಗಟ್ಟುವ ಶಕ್ತಿಗೂ ತಡವಾಗಿ ಪೆಟ್ಟು ಬೀಳಬಹುದಾದ್ದರಿಂದ ಅವನನ್ನು ಅಲ್ಲೇ ಉಳಿಸಿಕೊಂಡು ಮತ್ತೆ ಮತ್ತೆ ರಕ್ತಪರೀಕ್ಷೆ ಮಾಡಿದರು. ಗುಂಡ ಉಳಿದ.

ಆದ್ದರಿಂದ ವಾಹನ ಪಡೆಯುವ ಮೊದಲೇ, ಜನರೇಟರ್ ಕರೆಂಟ್ ಹೋದಾಗ ತಾನಾಗಿ ಚಾಲೂ ಆಗುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ತನ್ನದೇ ಬ್ಯಾಟರಿ ಮತ್ತು ಮೊಬೈಲ್ ಸಿಮ್ ಇರುವ ಉಷ್ಣತಾ ಮಾಪಕವನ್ನು ನೀವೇ ಕೊಂಡೊಯ್ಯಿರಿ. ಆದರೆ ಬ್ಯಾಡ್‌ಲ್ಯಾಂಡ್ಸ್‌ನಂಥ ಕಡೆ ಎಷ್ಟೋ ಜಾಗಗಳಲ್ಲಿ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ ಅದನ್ನೂ ಪೂರ್ತಿ ನಂಬುವಂತಿಲ್ಲ. ಪ್ಲಗ್ಗಿಗೆ ಸಿಕ್ಕಿಸುವ ಚಿಕ್ಕ ವೋಲ್ಟ್‌ಮೀಟರ್ ಇಟ್ಟುಕೊಂಡು, ಬೆಳಗಿನ ತಂಪಿನಲ್ಲಲ್ಲ, ಮಧ್ಯಾಹ್ನ ಮೂರು ನಾಲ್ಕು ಗಂಟೆಯ ಹೊತ್ತಿಗೆ ಅಂಕಿ ನೋಡಿ. ಅಂಥ ಬಿಸಿಲಿನಲ್ಲಿ ಇಬ್ಬರಲ್ಲಿ ಒಬ್ಬರು ನಾಯಿಯ ಜೊತೆಗಿದ್ದು, ಸರದಿಯ ಮೇಲೆ ಟ್ರೇಲ್ ನೋಡಿ ಬರುವುದೇ ಸರಿ. ಡೋರ್ ಟ್ರೇಲ್ ಹೋಗಿ ಬರಲು ಮುಕ್ಕಾಲು ಮೈಲಷ್ಟೇ ಇದೆ.

ಸಾಕುಪ್ರಾಣಿಗಳ ಹೊಣೆ ಬಾಡಿಗೆದಾರರದ್ದು ಎಂಬ ಒಪ್ಪಂದದ ಸಾಲನ್ನು ತೋರಿಸಿ ಕಂಪನಿಯವರು ಕೈತೊಳೆದುಕೊಂಡರು. ಕೈಪಿಡಿಯಲ್ಲಿನ ಆ ಭರವಸೆಯನ್ನು ತೆಗೆದುಹಾಕುವಂತೆ ನಾವು ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಈ ಬೇಸಿಗೆಯಲ್ಲಿ ಯಾವುದೇ ಕಂಪನಿಯಿಂದ ಆರ್‌ವಿ ಪಡೆಯುವವರು ಸಹಿ ಹಾಕುವ ಮುನ್ನ ಕೈಪಿಡಿಯ ಮಾತನ್ನೂ ಒಪ್ಪಂದದ ಸಾಲನ್ನೂ ಅಕ್ಕಪಕ್ಕ ಇಟ್ಟು ಓದಿಕೊಳ್ಳಿ.