ಹೋಮ್ ಅಸಿಸ್ಟೆಂಟ್ ಜೊತೆ ಎರಡೂವರೆ ವರ್ಷ: ಅಮ್ಮನ ಕನ್ನಡದಲ್ಲಿ ನಮ್ಮ ಮನೆಯ ಡ್ಯಾಶ್‌ಬೋರ್ಡ್

ನಮ್ಮ ಅಡುಗೆಮನೆ ಬಾಗಿಲ ಪಕ್ಕದ ಗೋಡೆಯಲ್ಲಿ ಹತ್ತಿಂಚಿನ ಒಂದು ಟ್ಯಾಬ್ ಇದೆ. ಬೆಳಗ್ಗೆ ಐದೂವರೆಗೆ ಅಮ್ಮ ಅದರ ಮುಂದೆ ಬಂದು ನಿಂತರೆ ಪರದೆ ತಾನಾಗಿ ಬೆಳಗುತ್ತದೆ. ಮೇಲುಗಡೆ ದಪ್ಪ ಅಕ್ಷರದಲ್ಲಿ 'ಮೇಲಿನ ಟ್ಯಾಂಕ್: ಮುಕ್ಕಾಲು' ಅಂತ ಇರುತ್ತದೆ. ಅಮ್ಮ ಅದನ್ನು ಬಾಯಿಬಿಟ್ಟು ಓದುತ್ತಾಳೆ. ಆಮೇಲೆ 'ತುಳಸಿಕಟ್ಟೆ' ಅನ್ನೋ ಗುಂಡಿ ಒತ್ತುತ್ತಾಳೆ, ಹೊರಗೆ ದೀಪ ಹತ್ತುತ್ತದೆ. ರಂಗೋಲಿ ಡಬ್ಬಿ ತೆಗೆದುಕೊಂಡು ಹೊರಡುತ್ತಾಳೆ. ದಿನಾ ಇದೇ ಕ್ರಮ. ನಾನು ಹಾಸಿಗೆಯಲ್ಲೇ ಅವಳು 'ಮುಕ್ಕಾಲು' ಅನ್ನೋದನ್ನು ಕೇಳಿಸಿಕೊಂಡು ಮತ್ತೆ ಅರ್ಧ ಗಂಟೆ ಮಲಗುತ್ತೇನೆ. ಆ ಒಂದು ಮಾತಿಗಾಗಿ ಇಷ್ಟೆಲ್ಲ ಕೆಲಸ ಮಾಡಿದ್ದು ಸಾರ್ಥಕ ಅನಿಸುತ್ತದೆ.

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದು ಹಳೇ ಮನೆ. ಅಪ್ಪ, ಅಮ್ಮ, ನಾನು, ಐದನೇ ಕ್ಲಾಸಿನ ಮಗ. ಮೊದಲು ಒಂದು ಕಂಪನಿಯ ಸ್ಮಾರ್ಟ್ ಸ್ವಿಚ್ ಹಾಕಿಸಿದ್ದೆವು. ಇಂಟರ್‌ನೆಟ್ ಹೋದರೆ ಅದರ ಆ್ಯಪ್ ಸುಮ್ನೆ ಸುತ್ತುತ್ತಾ ಕೂರುತ್ತಿತ್ತು. ಒಂದು ಸಲ ಎರಡು ದಿನ ಅವರ ಸರ್ವರ್ರೇ ಇರಲಿಲ್ಲ. ನಮ್ಮ ಮನೆಯ ದೀಪ ಹಚ್ಚೋದಕ್ಕೆ ಎಲ್ಲೋ ದೂರದ ಕಂಪ್ಯೂಟರ್ ಒಪ್ಪಿಗೆ ಕೊಡಬೇಕು ಅನ್ನೋದು ನನಗೆ ಸರಿ ಕಾಣಲಿಲ್ಲ. 2023ರ ಯುಗಾದಿ ರಜೆಯಲ್ಲಿ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರಿನ ಮೇಲೆ ಹೋಮ್ ಅಸಿಸ್ಟೆಂಟ್ ಹಾಕಿದೆ. ಮನೆಯ ಸಾಧನಗಳನ್ನೆಲ್ಲ ಒಂದೇ ಕಡೆಯಿಂದ ನೋಡಿ ನಡೆಸೋ ತಂತ್ರಾಂಶ ಅದು. ಅದು ಮನೆಯೊಳಗೇ ಓಡುತ್ತದೆ. ನೆಟ್ ಇಲ್ಲದಿದ್ದರೂ ದೀಪ, ಮೋಟರ್, ಟ್ಯಾಂಕ್ ಎಲ್ಲ ನಡೆಯುತ್ತವೆ. 2013ರಲ್ಲಿ ಶುರುವಾದ ಮುಕ್ತ ತಂತ್ರಾಂಶ ಇದು. 2024ರಿಂದ ಓಪನ್ ಹೋಮ್ ಫೌಂಡೇಶನ್ ಅನ್ನೋ ಲಾಭಕ್ಕಲ್ಲದ ಸಂಸ್ಥೆ ನೋಡಿಕೊಳ್ಳುತ್ತಿದೆ. ಯಾರೋ ಕೊಂಡುಕೊಂಡು ನಾಳೆ ಬಾಗಿಲು ಹಾಕಿಬಿಡುತ್ತಾರೆ ಅನ್ನೋ ಭಯ ಕಡಿಮೆ.

ನನ್ನ ಮೊದಲ ಡ್ಯಾಶ್‌ಬೋರ್ಡ್, ಅಂದರೆ ಇವೆಲ್ಲವನ್ನೂ ಪರದೆಯಲ್ಲಿ ತೋರಿಸೋ ಪುಟ, ನೋಡೋಕೆ ಚೆನ್ನಾಗಿತ್ತು. ಮನೆಯ ನಕ್ಷೆ ಬರೆದು, ಒಂದೊಂದು ಕೋಣೆಯ ಮೇಲೂ ಬಲ್ಬಿನ ಚಿತ್ರ ಇಟ್ಟಿದ್ದೆ. ನಾಲ್ಕು ವಾರಾಂತ್ಯ ಅದಕ್ಕೇ ಹೋಯಿತು. ಮನೆಯಲ್ಲಿ ಯಾರೂ ಅದನ್ನು ಮುಟ್ಟಲಿಲ್ಲ. ಅಮ್ಮ ಬೋರ್ಡಿನ ಹತ್ತಿರ ಹೋಗಿ ಸ್ವಿಚ್ಚನ್ನೇ ಹಾಕುತ್ತಿದ್ದಳು. ಯಾಕಮ್ಮ ಅಂತ ಕೇಳಿದೆ. 'ಲಿವಿಂಗ್ ರೂಮ್ ಲೈಟ್ 2 ಅಂದ್ರೆ ಯಾವುದು ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ನಮ್ಮನೇಲಿ ಪಡಸಾಲೆ ಇದೆ, ಲಿವಿಂಗ್ ರೂಮ್ ಎಲ್ಲಿದೆ?' ಅಂದಳು.

ಅವತ್ತೇ ಅವಳ ಕೈಗೆ ಒಂದು ಹಾಳೆ ಕೊಟ್ಟೆ. ಪ್ರತಿ ದೀಪಕ್ಕೂ ನೀನೇ ಹೆಸರು ಬರೀ ಅಂದೆ. ಪಡಸಾಲೆ, ದೇವರ ಮನೆ, ಒಲೆ ಮೇಲಿನ ಲೈಟು, ಬಚ್ಚಲು, ಅಟ್ಟ, ಹಿತ್ತಲು, ತುಳಸಿಕಟ್ಟೆ. ಅಪ್ಪ ಪೇಪರ್ ಓದೋ ಮೂಲೆಯ ದೀಪಕ್ಕೆ 'ಅಪ್ಪನ ಕುರ್ಚಿ'. ಹೋಮ್ ಅಸಿಸ್ಟೆಂಟ್‌ನಲ್ಲಿ ಹೆಸರನ್ನು ಕನ್ನಡ ಅಕ್ಷರದಲ್ಲೇ ಕೊಡಬಹುದು. ಆದರೆ ಒಂದು ಕಿವಿಮಾತು. ಮೊದಲ ಸಲವೇ ಕನ್ನಡದಲ್ಲಿ ಕೊಟ್ಟರೆ, ಒಳಗೆ ಅದು ತಾನೇ ಮಾಡಿಕೊಳ್ಳುವ ಗುರುತಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಓದಲಾಗದ ಹಾಗೆ ಆಗುತ್ತದೆ. ಮೊದಲು ಇಂಗ್ಲಿಷ್‌ನಲ್ಲಿ ಹೆಸರಿಟ್ಟು, ಆಮೇಲೆ ತೋರಿಸುವ ಹೆಸರನ್ನು ಮಾತ್ರ ಕನ್ನಡಕ್ಕೆ ಬದಲಿಸಿ. ಆಟೊಮೇಷನ್ (ಹೀಗಾದರೆ ಹೀಗೆ ಮಾಡು ಅನ್ನೋ ನಿಯಮ) ಬರೆಯುವಾಗ ತಲೆನೋವು ಇರುವುದಿಲ್ಲ.

ಆನ್, ಆಫ್ ಅನ್ನೋದನ್ನೂ ತೆಗೆಸಿದಳು. 'ಉರೀತಿದೆ', 'ಆರಿದೆ' ಅಂತ ಟೆಂಪ್ಲೇಟ್ ಬರೆದೆ. ದೇವರ ಮನೆಯ ದೀಪಕ್ಕೆ ಮಾತ್ರ ಒಪ್ಪಲಿಲ್ಲ. ದೇವರ ದೀಪ ಆರಿದೆ ಅನ್ನಬಾರದು, 'ಶಾಂತವಾಗಿದೆ' ಅನ್ನಬೇಕು. ಅದು ಎಣ್ಣೆ ದೀಪ ಅಲ್ಲ, ಎಲ್‌ಇಡಿ ಬಲ್ಬ್. ಆದರೂ ಹಾಗೇ ಬರೆದೆ. ರಾತ್ರಿ ಮಲಗೋ ಮುಂಚೆ ಪರದೆ ಮೇಲೆ 'ದೇವರ ಮನೆ: ಶಾಂತವಾಗಿದೆ' ಅಂತ ಓದಿದರೆ ನಿಜಕ್ಕೂ ಮನಸ್ಸಿಗೆ ಹಿತ ಅನಿಸುತ್ತದೆ.

ಇಲ್ಲಿಂದ ಮುಂದೆ ಬಂತು ನನ್ನ ದೊಡ್ಡ ದೂರು.

ಹೆಸರೆಲ್ಲ ಹಾಕಿ, ಟ್ಯಾಬ್ ಗೋಡೆಗೆ ಕೂರಿಸಿದ ಮೊದಲ ದಿನ. ಅಮ್ಮ ಕನ್ನಡಕ ಹಾಕಿಕೊಂಡು ಬಂದಳು. 'ಇದೇನೇ ಇದು, ಹಿತಲು ಅಂತಿದೆ? ಬಚಲು? ಅಟ?' ಅಂದಳು. ನಾನು ಹತ್ತಿರ ಹೋಗಿ ನೋಡಿದೆ. ಒತ್ತಕ್ಷರಗಳ ಕೆಳಭಾಗ ಕತ್ತರಿಸಿ ಹೋಗಿತ್ತು. ಹಿತ್ತಲಿನ ತ ಒತ್ತು ಇಲ್ಲ. ಅಟ್ಟದ ಟ ಒತ್ತಿನ ಬರೀ ತಲೆ ಕಾಣುತ್ತಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಇದೇ ಪುಟ ಸರಿಯಾಗಿತ್ತು, ಫೋನಿನಲ್ಲೂ ಸರಿಯಾಗಿತ್ತು. ಟ್ಯಾಬ್‌ನಲ್ಲಿ ಮಾತ್ರ ಹೀಗೆ. ಅಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೂವತ್ತೆರಡು ವರ್ಷ ಮಕ್ಕಳ ಒತ್ತು ತಿದ್ದಿದವಳು. 'ಇದನ್ನ ನೋಡ್ಕೊಂಡು ಮಗು ಕಲಿತ್ರೆ ಏನಾಗತ್ತೆ?' ಅಂದಳು. ಆ ಮಾತು ನನಗೆ ಚುಚ್ಚಿತು. ಯಾಕೆಂದರೆ ಮಗ ಆಗಲೇ ಅದನ್ನು 'ಹಿತಲು' ಅಂತಲೇ ಓದಿದ್ದ.

ಕಾರಣ ಹುಡುಕೋಕೆ ಮೂರು ಸಂಜೆ ಬೇಕಾಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ಗೆರೆಯ ಕೆಳಗೆ ಇಳಿಯೋದು ಕೆಲವೇ, ಅದೂ ಸ್ವಲ್ಪ. ನಮ್ಮ ಒತ್ತು ಅಕ್ಷರದ ಕೆಳಗೇ ಕೂರುತ್ತದೆ, ಜಾಸ್ತಿ ಜಾಗ ಕೇಳುತ್ತದೆ. ಡ್ಯಾಶ್‌ಬೋರ್ಡಿನ ಒಂದೊಂದು ಚೌಕಕ್ಕೂ ಕಾರ್ಡ್ ಅಂತಾರೆ. ನಾನು ಬಳಸಿದ್ದ ಕಾರ್ಡ್ ಯಾರೋ ಹವ್ಯಾಸಕ್ಕೆ ಮಾಡಿ ಹಂಚಿದ್ದು. ಅದರಲ್ಲಿ ಸಾಲಿನ ಎತ್ತರ ಇಂಗ್ಲಿಷ್ ಅಳತೆಗೆ ಬಿಗಿಯಾಗಿತ್ತು, ಅದರಾಚೆ ಹೋದದ್ದನ್ನೆಲ್ಲ ಮರೆಮಾಡು ಅಂತಲೂ ಬರೆದಿತ್ತು. ಒಂದೊಂದು ಯಂತ್ರ ಒಂದೊಂದು ಕನ್ನಡ ಫಾಂಟ್ ಬಳಸುತ್ತದೆ. ಟ್ಯಾಬ್‌ನ ಫಾಂಟಿನಲ್ಲಿ ಒತ್ತು ಇನ್ನೂ ಕೆಳಗೆ ಇಳಿಯುತ್ತಿತ್ತು, ಹಾಗಾಗಿ ಅಲ್ಲಿ ಕತ್ತರಿ ಬಿತ್ತು. ಕಾರ್ಡಿನ ರೂಪ ಬದಲಿಸೋ ಕಾರ್ಡ್-ಮಾಡ್ ಅನ್ನೋ ಸೇರ್ಪಡೆ ಹಾಕಿ ಸಾಲಿನ ಎತ್ತರವನ್ನು 1.2ರಿಂದ 1.7ಕ್ಕೆ ಏರಿಸಿದೆ. ಒತ್ತುಗಳು ಬಂದವು. ಇದನ್ನು ಇಷ್ಟುದ್ದ ಯಾಕೆ ಬರೆಯುತ್ತಿದ್ದೇನೆ ಅಂದರೆ, ಎಷ್ಟೋ ಜನ ಇದೇ ಕಾರಣಕ್ಕೆ 'ಕನ್ನಡ ಸರಿ ಬರಲ್ಲ' ಅಂದುಕೊಂಡು ಇಂಗ್ಲಿಷ್ ಹೆಸರಿಗೆ ವಾಪಸ್ ಹೋಗಿರಬಹುದು. ಸರಿ ಬರುತ್ತದೆ. ಒಂದು ಸಂಖ್ಯೆ ಬದಲಿಸಿದರೆ ಸಾಕು. ಆದರೆ ಆ ಸಂಖ್ಯೆಯನ್ನು ನಾವೇ ಬದಲಿಸಬೇಕಾಗಿ ಬಂದದ್ದು ನನಗೆ ಇವತ್ತಿಗೂ ಬೇಸರ. ಬಿಡುವಿನ ವೇಳೆಯಲ್ಲಿ ಪುಕ್ಕಟೆ ಮಾಡಿಕೊಟ್ಟವರ ಮೇಲೆ ಕೋಪ ಇಲ್ಲ. ನಾನೇ ಅವರಿಗೆ ಬರೆದು ಚಿತ್ರದ ಸಮೇತ ತೋರಿಸಬೇಕಿತ್ತು. ಆಮೇಲೆ ತೋರಿಸಿದೆ ಕೂಡ. ಉತ್ತರ ಬರಲಿಲ್ಲ.

ಈಗ ನೀರಿನ ಕಾರ್ಡ್. ನಮ್ಮ ಡ್ಯಾಶ್‌ಬೋರ್ಡಿನ ಜೀವ ಇದೇ.

ಸಾವಿರ ಲೀಟರಿನ ಸಿಂಟೆಕ್ಸ್ ಮುಚ್ಚಳಕ್ಕೆ ನೀರು ತಾಗಿದರೂ ಕೆಡದ, ಶಬ್ದ ಕಳಿಸಿ ದೂರ ಅಳೆಯೋ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿದ್ದೇನೆ. ಇಎಸ್‌ಪಿ32 ಅನ್ನೋ ಒಂದು ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಅದನ್ನು ಓದಿ ವೈಫೈನಲ್ಲಿ ಕಳಿಸುತ್ತದೆ. ಎರಡೂ ಸೇರಿ ಸಾವಿರ ರೂಪಾಯಿ ಒಳಗೆ. ಈ ಸೆನ್ಸರಿಗೆ ತನ್ನ ಮೂತಿಯಿಂದ ಸುಮಾರು 20 ಸೆಂಟಿಮೀಟರ್ ಒಳಗಿರೋದು ಕಾಣುವುದಿಲ್ಲ. ಅದಕ್ಕೇ ತುಂಬಿದ ನೀರಿಗಿಂತ ಅಷ್ಟು ಮೇಲಕ್ಕೆ ಒಂದು ಪೈಪ್ ತುಂಡು ಇಟ್ಟು ಕೂರಿಸಬೇಕು. ಬೆಳಗಿನ ಹೊತ್ತು ಮುಚ್ಚಳದ ಒಳಗೆ ನೀರಿನ ಹನಿ ಕಟ್ಟಿ ಅಳತೆ ಹಾರುತ್ತದೆ. ಐದು ಸಲ ಅಳೆದು ನಡುವಿನದನ್ನು ಮಾತ್ರ ತೆಗೆದುಕೊಳ್ಳೋ ಹಾಗೆ ಮಾಡಿದ ಮೇಲೆ ನಿಂತಿತು.

ಮೊದಲು ಶೇಕಡಾ ತೋರಿಸುತ್ತಿದ್ದೆ. 73 ಅಂತ ಬಂದರೆ ಅಮ್ಮ 'ಅಂದ್ರೆ ಸ್ನಾನಕ್ಕೆ ಸಾಕಾ?' ಅಂತ ಕೇಳೋಳು. ನಮ್ಮ ಮನೆಯಲ್ಲಿ ನೀರನ್ನು ಯಾರಾದರೂ ಶೇಕಡಾದಲ್ಲಿ ಹೇಳುತ್ತಾರಾ? ಅರ್ಧ ಇದೆ, ಕಾಲು ಇದೆ ಅಂತ ತಾನೇ ಹೇಳೋದು. ಹಾಗಾಗಿ 85ರ ಮೇಲಿದ್ದರೆ 'ತುಂಬಿದೆ', 60ರ ಮೇಲೆ 'ಮುಕ್ಕಾಲು', 40ರ ಮೇಲೆ 'ಅರ್ಧ', 15ರ ಮೇಲೆ 'ಕಾಲು', ಅದಕ್ಕಿಂತ ಇಳಿದರೆ 'ತಳ ಕಂಡಿದೆ'. ಕೊನೆಯದು ಬಂದಾಗ ಕಾರ್ಡ್ ಕೆಂಪಾಗುತ್ತದೆ. ಸಂಪಿಗೂ ಇಂಥದೇ ಒಂದು ಸೆನ್ಸರ್ ಇದೆ. ಸಂಪಿನ ಮಟ್ಟ ಏರೋಕೆ ಶುರುವಾದರೆ 'ನಲ್ಲಿ ನೀರು ಬಂತು' ಅಂತ ಪಟ್ಟಿ ಮೂಡುತ್ತದೆ. ಮೊದಲು ನೀರು ಬಿಡೋ ದಿನ ಅಮ್ಮ ನಿದ್ದೆಗೆಟ್ಟು ಎರಡು ಸಲ ಎದ್ದು ಹೋಗಿ ಸಂಪಿನ ಮುಚ್ಚಳ ಎತ್ತಿ ನೋಡುತ್ತಿದ್ದಳು. ಭಾರದ ಮುಚ್ಚಳ ಅದು, ಅವಳಿಗೆ ಮಂಡಿನೋವು ಬೇರೆ. ಈಗ ಆ ಮುಚ್ಚಳ ಎತ್ತಿ ಎಷ್ಟೋ ತಿಂಗಳಾಯಿತು.

ಮೋಟರ್ ವಿಷಯದಲ್ಲಿ ಹುಷಾರು. ತಂತ್ರಾಂಶದ ಮಾತು ಕೇಳಿ ಹಾಕಿ ತೆಗೆಯೋ ಚಿಕ್ಕ ಸ್ವಿಚ್ಚಿಗೆ, ಅಂದರೆ ರಿಲೇಗೆ, ನೇರವಾಗಿ ಮೋಟರ್ ಕೊಡಬೇಡಿ, ರಿಲೇ ಸುಟ್ಟುಹೋಗುತ್ತದೆ. ಎಲೆಕ್ಟ್ರಿಷಿಯನ್ ಕೈಯಲ್ಲೇ ಮೋಟರಿನ ಭಾರ ತಡೆಯೋ ಕಾಂಟ್ಯಾಕ್ಟರ್ ಹಾಕಿಸಿ. ಟ್ಯಾಂಕ್ ತುಂಬಿದರೆ ನಿಲ್ಲಬೇಕು, ಸಂಪು ಬರಿದಾದರೂ ನಿಲ್ಲಬೇಕು, ಸೆನ್ಸರ್ ಕೈಕೊಟ್ಟರೂ 25 ನಿಮಿಷಕ್ಕೆ ನಿಲ್ಲಬೇಕು. ಹಳೇ ಸ್ವಿಚ್ ತೆಗೆಸಬೇಡಿ.

ಅಪ್ಪನ ಕಾರ್ಡ್ ಬೇರೆ. 2023ರಲ್ಲಿ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆ ಬಂದ ಮೇಲೆ ಅವರಿಗೆ ಯೂನಿಟ್ ಲೆಕ್ಕ ಬೇಕಾಯಿತು. ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ಶೇಕಡಾ 10, ಅಷ್ಟು ಪುಕ್ಕಟೆ. ನಮಗೆ 165 ಯೂನಿಟ್ ಬಿತ್ತು. ಅದನ್ನು ದಾಟಿದರೆ ಹೆಚ್ಚಿನದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ಮೇನ್ ವೈರಿಗೆ ಕ್ಲ್ಯಾಂಪ್ ಹಾಕಿ ಅಳೆಯೋ ಮೀಟರ್ ಇಟ್ಟೆ. ಹೋಮ್ ಅಸಿಸ್ಟೆಂಟ್ ಲೆಕ್ಕ 1ನೇ ತಾರೀಕಿನಿಂದ ಶುರು, ಆದರೆ ರೀಡಿಂಗ್‌ನವರು ನಮ್ಮ ಬೀದಿಗೆ ಬರೋದು ನಾಲ್ಕನೇ ತಾರೀಕಿನ ಸುಮಾರಿಗೆ. ಯುಟಿಲಿಟಿ ಮೀಟರ್ ಅನ್ನೋ ಸೌಲಭ್ಯದಲ್ಲಿ ಮೂರು ದಿನ ಮುಂದಕ್ಕೆ ತಳ್ಳಿದೆ. ಈಗ 'ಉಳಿದಿರುವುದು 34 ಯೂನಿಟ್' ಅಂತ ಅಪ್ಪ ಊಟಕ್ಕೆ ಕೂರುವಾಗ ಹೇಳುತ್ತಾರೆ. ಎರಡು ಕಿಲೋವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಅನ್ನೋದು ಮಗನಿಗೂ ಬಾಯಿಪಾಠ. ಅವನು ಗೀಸರ್ ಆರಿಸಿಯೇ ಸ್ನಾನಕ್ಕೆ ಹೋಗುತ್ತಾನೆ.

ಇಷ್ಟು ಹೇಳಿದ ಮೇಲೆ ಕಷ್ಟವನ್ನೂ ಹೇಳಬೇಕು. ಇದು ಇಟ್ಟು ಮರೆಯೋ ವಸ್ತು ಅಲ್ಲ. ಹದಿನಾಲ್ಕು ತಿಂಗಳಿಗೆ ಪೈ ಒಳಗಿನ ಮೆಮೊರಿ ಕಾರ್ಡ್ ಸತ್ತಿತು. ಹೋಮ್ ಅಸಿಸ್ಟೆಂಟ್ ಪ್ರತಿ ಬದಲಾವಣೆಯನ್ನೂ ಡೇಟಾಬೇಸಿಗೆ ಬರೆಯುತ್ತಲೇ ಇರುತ್ತದೆ, ಚಿಕ್ಕ ಕಾರ್ಡಿಗೆ ಅದು ಭಾರ. ಮೊದಲೇ ಹೆಚ್ಚು ತಾಳಿಕೆಯ ಎಸ್‌ಎಸ್‌ಡಿ ಡಿಸ್ಕ್ ಹಾಕಬೇಕಿತ್ತು. ಬ್ಯಾಕಪ್ ಇತ್ತು ಅಂತ ಬಚಾವಾದೆ. ಆದರೂ ಎರಡು ದಿನ ಅಮ್ಮ ಮತ್ತೆ ಸಂಪಿನ ಮುಚ್ಚಳ ಎತ್ತಿದಳು. ಅದು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ನೋಯಿಸಿತು.

ಆಮೇಲೆ ಟ್ಯಾಬ್. ಹಗಲೂ ರಾತ್ರಿ ಚಾರ್ಜಿಗೇ ಇದ್ದು ಬ್ಯಾಟರಿ ಉಬ್ಬಿ, ಪರದೆ ಚೌಕಟ್ಟಿನಿಂದ ಎದ್ದು ನಿಂತಿತ್ತು. ಅಡುಗೆಮನೆ ಪಕ್ಕದ ಗೋಡೆ ಅದು, ನೋಡಿ ಕೈಕಾಲು ತಣ್ಣಗಾಯಿತು. ಈಗಿರೋ ಎರಡನೇ ಟ್ಯಾಬಿಗೆ ಸ್ಮಾರ್ಟ್ ಪ್ಲಗ್ ಇದೆ. ಚಾರ್ಜ್ 30ಕ್ಕೆ ಇಳಿದರೆ ಹಾಕು, 75ಕ್ಕೆ ಏರಿದರೆ ತೆಗೆ. ಗೋಡೆಗೆ ಟ್ಯಾಬ್ ಹಾಕೋರು ಮೊದಲ ದಿನವೇ ಇದನ್ನು ಮಾಡಿ.

ಒತ್ತು ತಿದ್ದಿದ್ದ ಆ ಕಾರ್ಡ್ ಕೂಡ ಕಳೆದ ವರ್ಷ ನಿಂತುಹೋಯಿತು. ಮಾಡಿದವರು ಕೈಬಿಟ್ಟಿದ್ದರು. ಒಂದು ಅಪ್‌ಡೇಟ್ ಆದ ಮೇಲೆ ಪರದೆ ತುಂಬ ಖಾಲಿ ಡಬ್ಬಿಗಳು. ಅಲ್ಲಿಂದ ನಾನು ಹೋಮ್ ಅಸಿಸ್ಟೆಂಟ್ ಜೊತೆಗೇ ಬರುವ ಟೈಲ್ ಕಾರ್ಡ್ ಬಿಟ್ಟು ಬೇರೇನೂ ಹಾಕಿಲ್ಲ. 2024ರ ಮಾರ್ಚ್‌ನಲ್ಲಿ ಸೆಕ್ಷನ್ಸ್ ಅನ್ನೋ ಹೊಸ ಜೋಡಣೆ ಬಂದಿತ್ತು, ಕಾರ್ಡುಗಳನ್ನು ಎಳೆದು ಬೇಕಾದಲ್ಲಿ ಕೂರಿಸಬಹುದು. ಅದಕ್ಕೇ ಎಲ್ಲವನ್ನೂ ಸಾಗಿಸಿದೆ. ಒಟ್ಟು ಹನ್ನೊಂದು ಕಾರ್ಡ್. ಅಪ್‌ಡೇಟನ್ನು ತಿಂಗಳ ಕೊನೇ ವಾರ ಮಾತ್ರ ಮಾಡುತ್ತೇನೆ, ಅದೂ ನೀರು ಬಾರದ ದಿನ, ಬದಲಾವಣೆ ಪಟ್ಟಿ ಓದಿಕೊಂಡು.

ಖರ್ಚು: ಪೈ, ಎಸ್‌ಎಸ್‌ಡಿ, ಎರಡು ಟ್ಯಾಬ್, ಸೆನ್ಸರ್, ಮೀಟರ್, ಎಲೆಕ್ಟ್ರಿಷಿಯನ್ ಕೂಲಿ ಎಲ್ಲ ಸೇರಿ ನನಗೆ 38,000 ರೂ. ದಾಟಿದೆ. ಎರಡನೇ ಟ್ಯಾಬ್ ತಪ್ಪಿಸಬಹುದಿತ್ತು. ತಿಂಗಳಿಗೆ ಒಂದು ಭಾನುವಾರ ಇದಕ್ಕೆ ಕೊಡಲಾಗದವರು ಇದರ ಸಹವಾಸಕ್ಕೆ ಹೋಗಬೇಡಿ. ಬರೀ ದೀಪ, ಫ್ಯಾನ್ ಸಾಕು ಅನ್ನೋರಿಗೂ ಬೇಡ. ಮನೆಯಲ್ಲಿ ವಯಸ್ಸಾದವರು ನೀರಿಗಾಗಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರೆ ಟ್ಯಾಂಕಿನ ಸೆನ್ಸರ್ ಒಂದನ್ನಾದರೂ ಹಾಕಿ.

ಈ ಸಲದ ಆಯುಧಪೂಜೆಗೆ ಅಮ್ಮ ಸ್ಕೂಟರ್, ಹೊಲಿಗೆ ಮಿಷನ್, ಈಳಿಗೆಮಣೆಯ ಸಾಲಿನಲ್ಲಿ ಟ್ಯಾಬ್ ಚೌಕಟ್ಟಿಗೂ ಕುಂಕುಮ ಇಟ್ಟು ಸೇವಂತಿಗೆ ಸಿಕ್ಕಿಸಿದಳು. ಅವತ್ತು ಬಂದಿದ್ದ ಮಂಡ್ಯದ ದೊಡ್ಡಮ್ಮ ಅದರ ಮುಂದೆ ತುಂಬ ಹೊತ್ತು ನಿಂತಿದ್ದರು. 'ನಮ್ಮನೇಗೂ ಒಂದು ಹಾಕ್ಕೊಡು ಮಗಾ' ಅಂದರು. ಅಮ್ಮ ಕೂಡಲೇ ಹಾಳೆ ತಂದಳು. ದೊಡ್ಡಮ್ಮ ಹೇಳುತ್ತಾ ಹೋದರು, ಅಮ್ಮ ಬರೆದಳು. ಅಲ್ಲಿ ಪಡಸಾಲೆ ಇಲ್ಲ, ನಡುಮನೆ. ಜಗಲಿ. ಕೊಟ್ಟಿಗೆ. ಬೋರ್ ಮೋಟರ್. ಹಾಳೆ ಈಗ ನನ್ನ ಮೇಜಿನ ಮೇಲಿದೆ. ನಿನ್ನೆ ರಾತ್ರಿ ಆ ಹೆಸರುಗಳನ್ನೆಲ್ಲ ಟ್ಯಾಬಿಗೆ ಹಾಕಿ, ಕೊಟ್ಟಿಗೆಯ ಟ ಒತ್ತು ಪೂರ್ತಿ ಕಾಣುತ್ತಾ ಅಂತ ನೋಡಿದೆ. ಕಾಣುತ್ತದೆ.