ಟ್ಯಾಮಾಕ್ಸಿಫೆನ್ ಝಳಕ್ಕೆ ದಾವಣಗೆರೆ ಪೇಟೆಯ ಸಾಮಾನು: ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದಕ್ಕೆ ಬೇಡ

ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ಯಾರಿಗೆ ಶೆಕೆ ಇಲ್ಲ ಹೇಳಿ. ಆದರೆ ಸ್ತನ ಕ್ಯಾನ್ಸರ್ ಆಪರೇಷನ್ ಮುಗಿಸಿ ದಿನಾ 20 ಮಿ.ಗ್ರಾಂ ಟ್ಯಾಮಾಕ್ಸಿಫೆನ್ ಅಥವಾ 2.5 ಮಿ.ಗ್ರಾಂ ಲೆಟ್ರೊಜೋಲ್ ನುಂಗುವವರ ಶೆಕೆಯೇ ಬೇರೆ. ಫ್ಯಾನ್ ಕೆಳಗೆ ಕೂತಿದ್ದರೂ ಎದೆಯಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ ಝಳ ಏರುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ. ಕೆಲವೇ ನಿಮಿಷದಲ್ಲಿ ಅದು ಇಳಿದು ಹಿಂದೆಯೇ ಚಳಿ. ಮಾತ್ರೆ 5 ವರ್ಷ, ಕೆಲವರಿಗೆ 10 ವರ್ಷ. ಅಷ್ಟು ದಿನ ಜೊತೆಗಿರಬೇಕಾದ ಸಾಮಾನನ್ನು ಜಾಹೀರಾತು ನೋಡಿ ಕೊಳ್ಳುವುದು ತಪ್ಪು.

ಈ ಮಾತ್ರೆಗಳು ತಡೆಯುವುದು ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನನ್ನು. ಅದರ ಕೆಲಸ ನಿಂತಾಗ ಮೈಕಾವು ನೋಡಿಕೊಳ್ಳುವ ಮೆದುಳಿನ ಭಾಗ, ಹೈಪೊಥಲಾಮಸ್, ಮುಟ್ಟಿದರೆ ಮುನಿಯ ಹಾಗಾಗುತ್ತದೆ. ಮೈಕಾವು ಒಂದು ಚೂರು ಏರಿದರೂ ಸಾಕು, ಚರ್ಮದ ರಕ್ತನಾಳ ಹಿಗ್ಗಿಸಿ, ಬೆವರು ಹರಿಸಿ, ಇದ್ದಬದ್ದ ಬಿಸಿಯನ್ನೆಲ್ಲ ಹೊರಗೆ ಹಾಕಿಬಿಡುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಬಿಸಿ ಹೋಯಿತಲ್ಲ, ಅದಕ್ಕೇ ಆಮೇಲೆ ನಡುಕ. ಹಾಗಾಗಿ ಇಲ್ಲಿ ಎಲ್ಲ ಸಾಮಾನಿಗೂ ಎರಡೇ ಪರೀಕ್ಷೆ. ರಾತ್ರಿ ಎರಡು ಗಂಟೆಗೆ, ದೀಪ ಹಾಕದೆ, ಅರ್ಧ ನಿಮಿಷದಲ್ಲಿ ಅದು ಕೈಗೆ ಸಿಗಬೇಕು. ಚಳಿ ಬಂದಾಗ ಅಷ್ಟೇ ಬೇಗ ನಿಲ್ಲಬೇಕು. ತುಂಬ ದುಬಾರಿ ಸಾಮಾನು ಎರಡನೇ ಪರೀಕ್ಷೆಯಲ್ಲೇ ಫೇಲ್.

ಮೊದಲು ಕುತ್ತಿಗೆ ಫ್ಯಾನ್. ಹೊರಗೆ ಓಡಾಡುವವರಿಗೆ, ಬಸ್‌ಸ್ಟ್ಯಾಂಡಿನಲ್ಲಿ ಕಾಯುವವರಿಗೆ ಅಡ್ಡಿಯಿಲ್ಲ. ರೆಕ್ಕೆ ಹೊರಗೆ ಕಾಣುವ ಮಾದರಿ ಬೇಡ, ಕೂದಲು ಸಿಕ್ಕಿಕೊಳ್ಳುತ್ತದೆ. ಕೀಮೋ ಆದಮೇಲೆ ಹೊಸದಾಗಿ ಬಂದ ಕೂದಲನ್ನು ಕಿತ್ತುಕೊಳ್ಳುವ ಫ್ಯಾನ್ ಯಾರಿಗೆ ಬೇಕು! ಸೀಳಿನಿಂದ ಗಾಳಿ ಬರುವ ಮಾದರಿ ವಾಸಿ, ಆದರೆ ಅದು ಕಿವಿಗೇ ಗಾಳಿ ಹೊಡೆಯುತ್ತದೆ, ಎದೆಗೆ ತಾಗುವುದು ಕಡಿಮೆ. ಇನ್ನೊಂದು ಮುಖ್ಯ ವಿಷಯ: ಇದರ ಭಾರ ಕೂರುವುದು ಕೊರಳೆಲುಬಿನ ಮೇಲೆ. ಅಲ್ಲಿ ರೇಡಿಯೇಷನ್ ಆಗಿದ್ದರೆ ಆ ಚರ್ಮ ಉಜ್ಜಿಸಿಕೊಳ್ಳಬಾರದು. ಅಂಥವರು ಕೈಯಲ್ಲಿ ಹಿಡಿಯುವ ಚಾರ್ಜಿಂಗ್ ಫ್ಯಾನ್ ತಗೊಳ್ಳಿ, ಜೊತೆಗೆ ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಚಿಕ್ಕ ಸ್ಪ್ರೇ ಬಾಟಲಿ. ಮುಖಕ್ಕೆ, ಕತ್ತಿಗೆ ಎರಡು ಸಲ ನೀರು ಹೊಡೆದು ಗಾಳಿ ಬಿಟ್ಟರೆ ಬರೀ ಗಾಳಿಗಿಂತ ಎಷ್ಟೋ ಪಾಲು ಹಿತ. 38 ಡಿಗ್ರಿ ಬಿಸಿಲಲ್ಲಿ ಬರೀ ಗಾಳಿ ಒಣ ಮೈಯನ್ನು ತಣಿಸುವುದಿಲ್ಲ, ಒದ್ದೆ ಆರುವಾಗ ತಣಿಯುತ್ತದೆ. ಈ ಜೋಡಿಗೆ ನಮ್ಮ ಪೂರ್ತಿ ಅಂಕ.

ಮಲಗುವ ಕೋಣೆಗೆ ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನ್, ಅಂದರೆ ಕಡಿಮೆ ಕರೆಂಟ್ ತಿನ್ನುವ ಮೋಟರಿನದು. ಮಾಮೂಲಿ ಸೀಲಿಂಗ್ ಫ್ಯಾನ್ 70-75 ವ್ಯಾಟ್ ತಿಂದರೆ ಇದು 30ರ ಆಸುಪಾಸು, ಕರೆಂಟ್ ಹೋದ ರಾತ್ರಿ ಇನ್ವರ್ಟರ್ ಮೇಲೆ ಹೆಚ್ಚು ಹೊತ್ತು ಓಡುತ್ತದೆ. ಆದರೆ ನಾವು ಇದಕ್ಕೆ ದುಡ್ಡು ಹಾಕಿ ಅನ್ನುವುದು ರಿಮೋಟ್‌ಗಾಗಿ. ಝಳ ಬಂದಾಗ ಮಲಗಿದಲ್ಲೇ ಐದಕ್ಕೆ ಒತ್ತಿ, ಚಳಿ ಬಂದಾಗ ಒಂದಕ್ಕೆ. ಗಂಡನಿಗೋ ಮಗಳಿಗೋ ಹೊದಿಕೆ ಎಳೆದುಕೊಳ್ಳುವ ತಾಪತ್ರಯ ಇದ್ದರೆ ಸ್ಟ್ಯಾಂಡ್ ಫ್ಯಾನ್ ಮೇಲು: ಕಾಲ ಕಡೆಯಿಂದ, ಮೂರು-ನಾಲ್ಕು ಅಡಿ ದೂರ, ನಿಮ್ಮೊಬ್ಬರ ಎದೆ ಮುಖಕ್ಕೆ ಗುರಿ ಇಟ್ಟು ನಿಲ್ಲಿಸಿ. ರಿಮೋಟ್‌ಗೆ ದಾರ ಕಟ್ಟಿ ಮಂಚದ ಸರಳಿಗೆ ನೇತುಹಾಕಿ, ಇಲ್ಲದಿದ್ದರೆ ಕತ್ತಲಲ್ಲಿ ತಡಕಾಡುತ್ತಾ ಝಳವೇ ಮುಗಿದುಹೋಗಿರುತ್ತದೆ.

ಜೆಲ್ ದಿಂಬು, ಜೆಲ್ ಹಾಸು? ದುಡ್ಡು ದಂಡ. ಜೆಲ್ ತಾನಾಗಿ ತಂಪು ಮಾಡುವುದಿಲ್ಲ, ಮೈಯ ಬಿಸಿ ಹೀರಿ ಇಟ್ಟುಕೊಳ್ಳುತ್ತದೆ. ರಾತ್ರಿಯೂ ಕೋಣೆ 30 ಡಿಗ್ರಿ ಮೇಲಿದ್ದರೆ ಅದು ಮೊದಲೇ ಅರ್ಧ ತುಂಬಿದ ಕೊಡ. ಸ್ವಲ್ಪ ಹೊತ್ತಿಗೇ ನಿಮ್ಮಷ್ಟೇ ಬೆಚ್ಚಗಾಗಿ, ಮೇಲಿನ ಪ್ಲಾಸ್ಟಿಕ್ ಪದರ ಬೆವರನ್ನು ಅಂಟಿಸಿ ಹಿಡಿಯುತ್ತದೆ. ಫ್ರಿಜ್‌ನಲ್ಲಿಟ್ಟ ಜೆಲ್ ಪ್ಯಾಕನ್ನು ಬಟ್ಟೆ ಸುತ್ತಿ ಕತ್ತಿನ ಹಿಂದೆ ಇಟ್ಟುಕೊಳ್ಳಬಹುದು, ಅದು ಬೇರೆ ಮಾತು. ಕಂಕುಳ ಗಂಟು ತೆಗೆದ ಕಡೆಯ ತೋಳಿಗೆ, ರೇಡಿಯೇಷನ್ ಆದ ಜಾಗಕ್ಕೆ ಮಾತ್ರ ಐಸ್ ಮುಟ್ಟಿಸಬೇಡಿ.

ಇನ್ನು ಬಟ್ಟೆ. ಗಿರಣಿಗಳಿಂದ ಹೆಸರಾದ ಊರಿದು, ಹತ್ತಿ ಬಟ್ಟೆಗೆ ಬರ ಇಲ್ಲ. ಆದರೂ ಮೋಸ ಹೋಗುವುದು ಇಲ್ಲೇ. 'ಪೂರ್ತಿ ಕಾಟನ್ನೇ ಅಕ್ಕಾ, ಮುಟ್ಟಿ ನೋಡ್ರಿ' ಅಂತ ಹರಡುವ ನುಣುಪಾದ ಬೆಡ್‌ಶೀಟುಗಳಲ್ಲಿ ಮೈಕ್ರೋಫೈಬರ್, ಅಂದರೆ ಪಾಲಿಯೆಸ್ಟರ್, ಎಷ್ಟೋ ಇರುತ್ತದೆ. ಅಂಚಿನಿಂದ ಒಂದು ಎಳೆ ಕೇಳಿ ತಗೊಂಡು ಬೆಂಕಿ ಕಡ್ಡಿ ತೋರಿಸಿ. ಹತ್ತಿಯಾದರೆ ಕಾಗದದ ಹಾಗೆ ಉರಿದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಕರಗಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಎಳೆ ಕೊಡಲು ಮುಖ ಸಿಂಡರಿಸುವ ಅಂಗಡಿಯಿಂದ ಸುಮ್ಮನೆ ಎದ್ದು ಬನ್ನಿ.

ಹತ್ತಿಯಲ್ಲೂ ದಪ್ಪದ್ದು ಬೇಡ. ಅದು ಬೆವರು ಕುಡಿದು ಗಂಟೆಗಟ್ಟಲೆ ಒದ್ದೆಯಾಗೇ ಇರುತ್ತದೆ, ಚಳಿ ಹೊಡೆಯುವುದು ಆಗಲೇ. ತೆಳ್ಳಗಿನ ಮಲ್ ಬಟ್ಟೆಯ, ಮುಂದೆ ಗುಂಡಿ ಇರುವ ನೈಟಿ ಎರಡು ಹೊಲಿಸಿ. ಒಂದು ಮೈಮೇಲೆ, ಇನ್ನೊಂದು ಮಡಿಸಿ ದಿಂಬಿನ ಪಕ್ಕ, ಅದರ ಮೇಲೆ ಒಣ ಟವೆಲ್. ತಲೆ ಮೇಲಿಂದ ಎಳೆದು ತೆಗೆಯುವ ನೈಟಿ ಆಪರೇಷನ್ ಆದ ಕೈಗೆ ಕಷ್ಟ. ಹೊಸ ಬಟ್ಟೆಯ ಗಂಜಿ ಹೋಗದೆ ಅದು ಬೆವರು ಹೀರುವುದಿಲ್ಲ, ಒಂದು ರಾತ್ರಿ ನೀರಲ್ಲಿ ನೆನೆಸಿ ಎರಡು ಸಲ ಒಗೆದೇ ಹಾಕಿಕೊಳ್ಳಿ. ಹೊದೆಯಲು ಒಂದು ದಪ್ಪ ರಗ್ಗಿನ ಬದಲು ತೆಳು ಬೆಡ್‌ಶೀಟ್ ಎರಡು. ಝಳಕ್ಕೆ ಎರಡನ್ನೂ ಒದ್ದು, ಚಳಿಗೆ ಒಂದನ್ನು ಎಳೆದುಕೊಳ್ಳಬಹುದು. ಚಳ್ಳಕೆರೆ ಕಂಬಳಿ ಚಿನ್ನದಂಥದ್ದೇ, ಆದರೆ ಈ ಐದು ವರ್ಷ ಅದು ಅಟ್ಟದ ಮೇಲಿರಲಿ.

ಪೂರ್ತಿ ಸ್ತನ ತೆಗೆಸಿಕೊಂಡು ಬ್ರಾ ಒಳಗೆ ಸಿಲಿಕಾನ್ ಕಪ್ ಇಟ್ಟುಕೊಳ್ಳುವವರ ಗೋಳನ್ನು ಯಾವ ಅಂಗಡಿಯವರೂ ಕೇಳುವುದಿಲ್ಲ. ಸಿಲಿಕಾನ್ ಬಿಸಿಯನ್ನು ಎದೆಗೇ ಒತ್ತಿ ಹಿಡಿಯುತ್ತದೆ, ಹಿಂದೆ ಬೆವರು ನಿಂತು ಚರ್ಮ ಕೆಂಪಾಗುತ್ತದೆ. ಮನೆಯಲ್ಲಿರುವಾಗ ಹತ್ತಿ ತುಂಬಿದ ಹಗುರ ಕಪ್ ಸಾಕು. ಹೊರಗೆ ಸಿಲಿಕಾನೇ ಬೇಕೆಂದರೆ ಹತ್ತಿಯ ಚೀಲ ಹೊಲಿಸಿ ಅದರೊಳಗೆ ಹಾಕಿ, ಸಂಜೆ ಸೌಮ್ಯ ಸೋಪಿನಲ್ಲಿ ತೊಳೆದು ಒರೆಸಿಡಿ.

ಏರ್ ಕೂಲರ್ ಮಾರ್ಚ್‌ನಿಂದ ಮೇವರೆಗೆ, ಒಣ ಹವೆಯಲ್ಲಿ, ಎದುರು ಕಿಟಕಿ ತೆರೆದಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಹಾಕಿದರೆ ಕೋಣೆಯಲ್ಲಿ ತೇವ ತುಂಬಿ ಬೆವರು ಆರುವುದೇ ಇಲ್ಲ.

ಊಟದ ಬಗ್ಗೆ ಒಂದು ಮಾತು, ದಾವಣಗೆರೆಯವರಿಗೆ ಸಿಟ್ಟು ಬಂದರೂ ಸರಿ. ಬೆಣ್ಣೆದೋಸೆ ಇಲ್ಲಿ ಮುಖ್ಯ ಆರೋಪಿ ಅಲ್ಲ. ಆರೋಪಿ ಅದರ ಖಾರದ ಚಟ್ನಿ, ಮೇಲೆ ಹೊಗೆಯಾಡುವ ಕಾಫಿ. ಸಂಜೆಯ ಖಾರಾ ಮಂಡಕ್ಕಿ, ಮಿರ್ಚಿಯೂ ಅದೇ ಗುಂಪು. ಎಲ್ಲರಿಗೂ ಇವು ಝಳ ತರುವುದಿಲ್ಲ, ಎರಡು ವಾರ ಕ್ಯಾಲೆಂಡರಿನಲ್ಲಿ ಝಳ ಬಂದ ಹೊತ್ತು, ಅದಕ್ಕೆ ಮೊದಲು ತಿಂದದ್ದು ಗುರುತು ಹಾಕಿ ನೋಡಿ. ಕಾಫಿಯನ್ನು ಆರಿಸಿ ಕುಡಿದರೇ ಕೆಲವರಿಗೆ ಅರ್ಧ ಸಮಸ್ಯೆ ಕಳೆಯುತ್ತದೆ.

ಕಣ್ಣುಮುಚ್ಚಿ ಬೇಡ ಅನ್ನಬೇಕಾದ್ದು ಮುಟ್ಟು ನಿಲ್ಲುವ ಕಾಲದ ತೊಂದರೆಗೆ ಅಂತ ಮಾರುವ ಕ್ಯಾಪ್ಸೂಲುಗಳು: ಸೋಯಾ ಸಾರ, ಬ್ಲ್ಯಾಕ್ ಕೊಹೋಶ್ ಎಂಬ ಗಿಡದ ಬೇರು, ಹೆಸರಿಲ್ಲದ ಬೇರಿನ ಪುಡಿ. ಸೋಯಾ ಸಾರದಂಥವು ಈಸ್ಟ್ರೊಜೆನ್ ವೇಷ ಹಾಕಿ ಬರುತ್ತವೆ. ಅದನ್ನು ತಡೆಯಲೆಂದೇ ತಾನೆ ಮಾತ್ರೆ ಕೊಟ್ಟಿರುವುದು? ಅಡುಗೆಯ ಸೋಯಾ ತೊಂದರೆಯಿಲ್ಲ. ಝಳಕ್ಕೆ ಅಂತ ಕೊಡುವ ಈಸ್ಟ್ರೊಜೆನ್ ಹಾರ್ಮೋನ್ ಮಾತ್ರೆಯಂತೂ ಈ ಕಾಯಿಲೆ ಆದವರು ಸಾಮಾನ್ಯವಾಗಿ ತಗೊಳ್ಳುವಂತಿಲ್ಲ.

ಇಷ್ಟೆಲ್ಲ ಮಾಡಿಯೂ ರಾತ್ರಿ ನಾಲ್ಕೈದು ಸಲ ಎದ್ದರೆ ಸುಮ್ಮನೆ ಸಹಿಸಬೇಡಿ, ತಾವಾಗಿ ಮಾತ್ರೆ ನಿಲ್ಲಿಸಲೂಬೇಡಿ. ವೆನ್ಲಾಫ್ಯಾಕ್ಸಿನ್, ಗ್ಯಾಬಾಪೆಂಟಿನ್, ಆಕ್ಸಿಬ್ಯುಟಿನಿನ್ ಎಂಬ ಹಾರ್ಮೋನ್ ಅಲ್ಲದ ಔಷಧಗಳಿವೆ, ಕ್ಯಾನ್ಸರ್ ಡಾಕ್ಟರನ್ನು ಹೆಸರು ಹೇಳಿಯೇ ಕೇಳಿ. ಗ್ಯಾಬಾಪೆಂಟಿನ್ ನಿದ್ದೆ ತರುತ್ತದೆ, ರಾತ್ರಿ ಝಳಕ್ಕೆ ಅನುಕೂಲ. ಆಕ್ಸಿಬ್ಯುಟಿನಿನ್ ಬಾಯಿ ಒಣಗಿಸುತ್ತದೆ. ಟ್ಯಾಮಾಕ್ಸಿಫೆನ್ ತಗೊಳ್ಳುವವರಿಗೆ ಬೇರೆ ಡಾಕ್ಟರು ಬೇಸರಕ್ಕೆ ಅಂತ ಪ್ಯಾರೊಕ್ಸೆಟಿನ್ ಅಥವಾ ಫ್ಲುಒಕ್ಸೆಟಿನ್ ಬರೆದರೆ ಮಾತ್ರೆಯ ಚೀಟಿ ತೋರಿಸಿ. ಟ್ಯಾಮಾಕ್ಸಿಫೆನ್ ಅನ್ನು ಕೆಲಸದ ರೂಪಕ್ಕೆ ಬದಲಿಸುವ ಲಿವರ್ ಕಿಣ್ವವನ್ನು ಅವು ಕಟ್ಟಿಹಾಕುತ್ತವೆ.

ಕೊನೆಯ ಖರೀದಿ, ಮೆಡಿಕಲ್ ಶಾಪಿನ ಡಿಜಿಟಲ್ ಥರ್ಮಾಮೀಟರ್. ಝಳ ಎಷ್ಟೇ ಉರಿಸಿದರೂ ಅದರಿಂದ ಜ್ವರ ಬರುವುದಿಲ್ಲ. 100.4 ಫ್ಯಾರನ್‌ಹೀಟ್ ಅಥವಾ ಮೇಲೆ ತೋರಿಸಿದರೆ ಅದನ್ನು ಮಾತ್ರೆಯ ತಲೆಗೆ ಕಟ್ಟದೆ ಆಸ್ಪತ್ರೆಗೆ ಫೋನ್ ಮಾಡಿ.